ಹನ್ನೊಂದು ಗಂಟೆಯ ಮೀನಿನ ವಾಸನೆ

ನೆಲ್ಲಿಮಕ್ಕಿ ಸಹಕಾರ ಸಂಘದಲ್ಲಿ ಒಂಬತ್ತು ವರ್ಷ ಕಸ ಗುಡಿಸಿದ ಮೇಲೆ ಅಂಜನಮ್ಮನ ಹೆಸರಿಗೆ ಸಂಘದ ಮೊಹರು ಬಿದ್ದ ಕಾಗದವೊಂದು ಬಂತು. ಅದು ಮಾರ್ಚ್ ತಿಂಗಳ ಮೊದಲ ಸೋಮವಾರ. ಕಾಫಿ ಕೊಯ್ಲು ಮುಗಿದು ಅಂಗಳಗಳಲ್ಲಿ ಮೆಣಸು ಒಣಗುತ್ತಿದ್ದ ಸಮಯ. ಕಾರ್ಯದರ್ಶಿ ಕಾತ್ಯಾಯಿನಿಯವರು ಕಾಗದವನ್ನು ಮೇಜಿನ ಮೇಲಿಟ್ಟು ಒಂದು ಬೆರಳಿನಿಂದ ಅವಳ ಕಡೆಗೆ ಸರಿಸಿದರು.

“ಓದಿ ನೋಡಿ ಅಂಜನಮ್ಮ. ಇನ್ನೊಂದು ಪ್ರತಿಗೆ ಸಹಿ ಹಾಕಿ ಕೊಡಿ.”

ಆರನೇ ತರಗತಿವರೆಗೆ ಓದಿದ್ದ ಅಂಜನಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. ಕಂಪ್ಯೂಟರ್ ಕೊಠಡಿಯಲ್ಲಿ ಅಥವಾ ಅದರ ಸಮೀಪದಲ್ಲಿ ಮೀನು ಮುಂತಾದ ಪದಾರ್ಥಗಳನ್ನು ಇಡುತ್ತಿರುವುದು ಗಮನಕ್ಕೆ ಬಂದಿರುತ್ತದೆ; ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು; ತಪ್ಪಿದಲ್ಲಿ ವಿಷಯವನ್ನು ಆಡಳಿತ ಮಂಡಳಿಯ ಮುಂದಿಡಲಾಗುವುದು.

“ನಾನು ಮೀನು ತಂದಿದ್ದನ್ನ ಯಾರು ನೋಡಿದ್ದಾರೆ ಮೇಡಂ?”

“ನೋಡಿದವರು ಯಾರೂ ಇಲ್ಲ. ವಾಸನೆ ಬರ್ತದಲ್ಲ. ನನಗೂ ಬಂದಿದೆ.”

“ವಾಸನೆ ಮೇಲೆ ನನ್ನ ಹೆಸರು ಬರ್ದಿತ್ತಾ?”

ಕಾತ್ಯಾಯಿನಿಯವರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಈ ಕಚೇರೀಲಿ ಇರೋದೇ ಮೂರು ಜನ. ನಾನು, ಭಟ್ರು, ನೀವು. ಅದರಲ್ಲಿ ಮೀನು ತಿನ್ನೋರು...” ಅಷ್ಟಕ್ಕೇ ನಿಲ್ಲಿಸಿದರು.

ಅಂಜನಮ್ಮ ಸಹಿ ಹಾಕಿದಳು.

ಅವಳದು ಹಂಗಾಮಿ ಕೆಲಸ. ಪ್ರತಿ ಮಾರ್ಚಿನಲ್ಲಿ ಆಡಳಿತ ಮಂಡಳಿ ಸೇರಿ, ಮುಂದಿನ ವರ್ಷಕ್ಕೂ ಇವಳೇ ಇರಲಿ ಎಂದು ಒಂದು ಸಾಲು ಬರೆದರೆ ಅವಳಿಗೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಈ ಸಲದ ಸಭೆಗೆ ಇನ್ನು ಹನ್ನೆರಡು ದಿನವಿತ್ತು. ಸಂಘಕ್ಕೆ ಬರುವ ಮೊದಲು ಅವಳು ಸಂಸೆ ಕಡೆಯ ತೋಟಗಳಲ್ಲಿ ಹದಿನೆಂಟು ವರ್ಷ ಕಾಫಿ ಕೊಯ್ದವಳು. ಒಂದು ಡಿಸೆಂಬರಿನಲ್ಲಿ ಇಳಿಜಾರಿನಲ್ಲಿ ಮೂಟೆ ಸಮೇತ ಜಾರಿ ಬಿದ್ದ ಮೇಲೆ ಬಲ ಮಂಡಿ ಸರಿಯಾಗಿ ಮಡಚುವುದಿಲ್ಲ. ಗುಡ್ಡ ಹತ್ತುವ ಕೆಲಸಕ್ಕೆ ಇನ್ನು ಅವಳನ್ನು ಯಾವ ಮೇಸ್ತ್ರಿಯೂ ಕರೆಯುವುದಿಲ್ಲ. ಗಂಡ ತೀರಿಕೊಂಡು ಆರು ವರ್ಷ. ಮಗಳು ಧನ್ಯಶ್ರೀ ಕಳಸದಲ್ಲಿ ಎರಡನೇ ಪಿಯುಸಿ. ಸಮತಟ್ಟು ನೆಲದ ಮೇಲೆ ನಿಂತು ಮಾಡುವ ಕೆಲಸ ಆ ಊರಿನಲ್ಲಿ ಅವಳಿಗೆ ಇದೊಂದೇ ಇದ್ದದ್ದು.

ವಾಸನೆ ಶುರುವಾದದ್ದು ಜನವರಿ ಕೊನೆಯಲ್ಲಿ. ಅದರ ಹಿಂದಿನ ತಿಂಗಳಷ್ಟೇ ಸಂಘದ ಗೋದಾಮಿನ ಒಂದು ಮೂಲೆಯನ್ನು ಪ್ಲೈವುಡ್ಡಿನಿಂದ ಮರೆ ಮಾಡಿ ಕಂಪ್ಯೂಟರ್ ಕೊಠಡಿ ಮಾಡಿದ್ದರು. ಆಳೆತ್ತರದ ಕಬ್ಬಿಣದ ಕಪಾಟು, ಅದರೊಳಗೆ ಮಿಣಮಿಣ ಎನ್ನುವ ನೆಟ್‌ವರ್ಕ್ ಪೆಟ್ಟಿಗೆಗಳು, ಕ್ಯಾಮೆರಾದ ರೆಕಾರ್ಡರು, ಕೆಳಗೆ ಯುಪಿಎಸ್ಸು ಮತ್ತು ಅದರ ಬ್ಯಾಟರಿಗಳು. ಪ್ಲೈವುಡ್ಡಿನ ಆಚೆಗೆ ಖಾಲಿ ಗೋಣಿಚೀಲದ ಕಟ್ಟುಗಳು, ಮಾರಾಟಕ್ಕೆಂದು ತಂದಿಟ್ಟ ನಲವತ್ತು ಮನೆಗಳ ಮೆಣಸು. ಈಚೆಗೆ ಕಚೇರಿಗೆ ಹೋಗುವ ಓಣಿ. ಕೊಠಡಿಗೆ ಬೀಗವಿತ್ತು, ಕೀಲಿ ಕಾತ್ಯಾಯಿನಿಯವರ ಬಳಿ. ಶನಿವಾರ ಸಂಜೆ ಅವರು ಬಾಗಿಲು ತೆಗೆದು ನಿಂತಿರುತ್ತಿದ್ದರು, ಅಂಜನಮ್ಮ ಒಳಗೆ ಗುಡಿಸಿ ಬರುತ್ತಿದ್ದಳು. ಮೊದಮೊದಲು ಹೀಗಿರಲಿಲ್ಲ. ಡಿಸೆಂಬರಿನ ಒಂದು ಚಳಿಯ ಬೆಳಿಗ್ಗೆ ಅಂಜನಮ್ಮ ತನ್ನ ಬುತ್ತಿ ಡಬ್ಬಿಯನ್ನು ಬೆಚ್ಚಗಿರಲಿ ಎಂದು ಯುಪಿಎಸ್ಸಿನ ತಲೆಯ ಮೇಲಿಟ್ಟಿದ್ದಳು. ಅದನ್ನು ಲೆಕ್ಕಿಗ ರವಿಶಂಕರ ಭಟ್ಟರು ಕಂಡರು. ಬೀಗ ಬಂದದ್ದು ಆಮೇಲೆ.

ಆದ್ದರಿಂದಲೇ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಓಣಿಯಲ್ಲಿ ಮೀನಿನ ವಾಸನೆ ಎದ್ದಾಗ ಭಟ್ಟರಿಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಅವರು ಸುಳ್ಳು ಹೇಳುವ ಜನ ಅಲ್ಲ. ಆ ವಾಸನೆಯನ್ನು ಅವರಿಗೆ ನಿಜವಾಗಿಯೂ ತಡೆಯಲಾಗುತ್ತಿರಲಿಲ್ಲ. ಒಂದು ದಿನ ಅರ್ಧ ಕುಡಿದ ಕಾಫಿಯನ್ನು ಹಾಗೇ ಕಿಟಕಿಯಿಂದಾಚೆ ಚೆಲ್ಲಿದ್ದರು. ಕಾಫಿ ಚೆಲ್ಲುವುದೆಂದರೆ ಭಟ್ಟರಿಗೆ ಸಣ್ಣ ಸಂಗತಿಯಲ್ಲ. ತಮ್ಮ ತೋಟದ ಬೀಜ, ತಾವೇ ಹುರಿದ ಪುಡಿ, ಮನೆಯಲ್ಲಿ ಇಳಿಸಿ ಸ್ಟೀಲ್ ಫ್ಲಾಸ್ಕಿನಲ್ಲಿ ತಂದ ಡಿಕಾಕ್ಷನ್. ಹಾಲು ಮಾತ್ರ ಇಲ್ಲೇ ಕಾಯಬೇಕು, ಅದೂ ಆವತ್ತೇ ವ್ಯಾನಿನಲ್ಲಿ ಬಂದ ಹಾಲು. ಓಣಿಯ ಮೇಜಿನ ಮೇಲೆ ಅದಕ್ಕೆಂದೇ ಒಂದು ಇಂಡಕ್ಷನ್ ಒಲೆ. ಹನ್ನೊಂದಕ್ಕೆ ಒಂದು ಸಲ, ಮೂರೂವರೆಗೆ ಒಂದು ಸಲ. ಮೊದಲೆಲ್ಲ ಅಂಜನಮ್ಮನ ಲೋಟಕ್ಕೂ ಅವರೇ ಬಗ್ಗಿಸುತ್ತಿದ್ದರು. ಆ ಲೋಟ ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಇರುತ್ತಿತ್ತು. ಫೆಬ್ರವರಿಯಿಂದ ಬಗ್ಗಿಸುವುದನ್ನು ನಿಲ್ಲಿಸಿದ್ದರು.

ಮಂಗಳವಾರ ಹನ್ನೊಂದು ಕಳೆಯಿತು. ವಾಸನೆ ಬಂತು. ಭಟ್ಟರು ಮೂಗಿಗೆ ಕರ್ಚೀಫು ಹಿಡಿದರು.

“ಕಾಗದ ಕೊಟ್ಟ ಮರುದಿನವೇ ತಂದಿದ್ದಿ ಅಂದ್ರೆ ನಿನ್ನ ಧೈರ್ಯಕ್ಕೆ ಮೆಚ್ಚಬೇಕು ಮಾರಾಯ್ತಿ. ಇವತ್ತು ಎಂಥದು, ಬಂಗುಡೆಯಾ?”

ಒಂಬತ್ತು ವರ್ಷ ‘ನೀವು’ ಎನ್ನುತ್ತಿದ್ದವರು ‘ನೀನು’ ಎಂದದ್ದನ್ನು ಅಂಜನಮ್ಮ ಗಮನಿಸಿದಳು.

“ಬುತ್ತಿ ಅಲ್ಲೇ ಉಂಟು ಭಟ್ರೆ. ಮುಚ್ಚಳ ತೆಗೆದು ನೋಡಿ. ಅನ್ನ, ಬಸಳೆ ಸಾರು.”

“ನಾನ್ಯಾಕೆ ಮುಟ್ಟಲಿ? ಒಳಗೆ ಆ ಮಿಷನ್ನಿನ ಸಂದೀಲಿ ಎಲ್ಲಿ ತುರುಕಿದ್ದಿಯೋ!”

“ಬೀಗದ ಒಳಗಾ? ಹೊಗೆ ಹೋದ ಹಾಗೆ ಹೋಗ್ಲಿಕ್ಕೆ ಬರ್ತದಾ ನನಗೆ?”

“ಅದನ್ನೇ ನಾನೂ ಯೋಚಿಸ್ತಾ ಇದ್ದೇನೆ” ಎಂದು ಭಟ್ಟರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಅಂಜನಮ್ಮನೂ ಯೋಚಿಸಿದಳು. ನವೆಂಬರಿನಲ್ಲಿ ಭಟ್ಟರು ತಮ್ಮ ತೋಟದ ಆಳಿನ ಮಗಳಿಗೆ ಸಂಘದಲ್ಲಿ ಏನಾದರೂ ಕೆಲಸ ಸಿಗಬಹುದೇ ಎಂದು ಅಧ್ಯಕ್ಷರನ್ನು ಕೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಆ ಹುಡುಗಿ ಒಳ್ಳೆಯವಳೇ. ಆದರೆ ಸಂಘದಲ್ಲಿರುವುದು ಒಂದೇ ಪೊರಕೆ. ಎರಡನೆಯ ಕೈಗೆ ಅದು ಹೋಗಬೇಕಾದರೆ ಮೊದಲನೆಯ ಕೈ ಬಿಡಬೇಕು. ಭಟ್ಟರೇ ಒಂದು ತುಂಡು ಒಣಮೀನು ತಂದು ಎಲ್ಲೋ ಸಿಕ್ಕಿಸಿದ್ದರೆ? ಮೀನು ಮುಟ್ಟದವರು ಮೀನು ತರುವುದುಂಟೇ? ಕಾಗದದಲ್ಲಿ ಸುತ್ತಿ, ಬೇರೆಯವರ ಕೈಯಲ್ಲಿ ತರಿಸಿದರೆ ಆಯಿತು. ಮನಸ್ಸು ಒಮ್ಮೆ ಈ ದಾರಿ ಹಿಡಿದ ಮೇಲೆ ಭಟ್ಟರ ಚೀಲ, ಭಟ್ಟರ ಫ್ಲಾಸ್ಕು, ಭಟ್ಟರು ಓಣಿಯಲ್ಲಿ ಬಗ್ಗುವುದು, ಏಳುವುದು, ಎಲ್ಲವೂ ಅವಳ ಕಣ್ಣಿಗೆ ಬೇರೆಯೇ ಅರ್ಥ ಕೊಡತೊಡಗಿತು.

ತೋಟದಲ್ಲಿ ಕೊಯ್ಯುವಾಗ ಯಾವ ಸಾಲು ಮುಗಿಯಿತು, ಯಾವುದು ಉಳಿಯಿತು ಎಂದು ಗಿಡದ ಬುಡಕ್ಕೆ ಸುಣ್ಣದ ಗುರುತು ಹಾಕುವ ಅಭ್ಯಾಸ ಅವಳಿಗಿತ್ತು. ಈಗ ಅದೇ ಕೆಲಸವನ್ನು ಸೀಮೆಸುಣ್ಣದಲ್ಲಿ ಪೊರಕೆ ಇಡುವ ಬಾಗಿಲ ಹಿಂದೆ ಮಾಡಿದಳು. ವಾಸನೆ ಬಂದಾಗಲೆಲ್ಲ ಒಂದು ಗೆರೆ, ಬಾರದ ದಿನ ಸೊನ್ನೆ. ಮಂಗಳವಾರ ಎರಡು ಗೆರೆ, ಹನ್ನೊಂದಕ್ಕೊಂದು, ಮೂರೂವರೆಗೊಂದು. ಬುಧವಾರ, ಗುರುವಾರ ಭಟ್ಟರು ತಂಗಿಯ ಮಗನ ಉಪನಯನಕ್ಕೆಂದು ರಜೆ. ಎರಡು ದಿನವೂ ಸೊನ್ನೆ. ಕಾತ್ಯಾಯಿನಿಯವರು ಕಾಫಿ ಕುಡಿಯುವವರಲ್ಲ, ಮನೆಯಿಂದ ಮಜ್ಜಿಗೆ ತರುತ್ತಾರೆ. ಓಣಿ ತಣ್ಣಗೆ, ಸ್ವಚ್ಛವಾಗಿತ್ತು. ಶುಕ್ರವಾರ ಭಟ್ಟರು ಬಂದರು. ಎರಡು ಗೆರೆ.

ಅಂಜನಮ್ಮ ಬಾಗಿಲ ಹಿಂದೆ ನಿಂತು ಆ ಗುರುತುಗಳನ್ನು ನೋಡಿದಳು. ಇನ್ನೇನು ಬೇಕು? ಆಸಾಮಿ ಬಂದರೆ ವಾಸನೆ ಬರುತ್ತದೆ, ಆಸಾಮಿ ಇಲ್ಲದಿದ್ದರೆ ಇಲ್ಲ. ಕಳ್ಳ ಸಿಕ್ಕಿದ.

ಲೆಕ್ಕ ಸರಿಯಾಗಿತ್ತು. ಅದರ ಅರ್ಥ ತಪ್ಪಾಗಿತ್ತು. ಅದು ಅವಳಿಗೆ ತಿಳಿದದ್ದು ಶನಿವಾರ.

ಶನಿವಾರ ಭಟ್ಟರು ಹತ್ತಕ್ಕೇ ಬಂದು ಕುಳಿತಿದ್ದರು. ಅವಳು ಓಣಿಯಲ್ಲೇ ನೆಲ ಒರೆಸುವ ನೆಪ ಮಾಡಿ, ಒರೆಸಿದ್ದನ್ನೇ ಒರೆಸುತ್ತ, ಅವರ ಎರಡೂ ಕೈ ಕಾಣುವ ಹಾಗೆ ನಿಂತಳು. ಹನ್ನೊಂದಾಯಿತು. ಹಾಲಿನ ವ್ಯಾನು ಬರಲಿಲ್ಲ. ಘಾಟಿಯಲ್ಲಿ ಕೆಟ್ಟು ನಿಂತಿದೆ ಎಂದು ಫೋನು ಬಂತು. ಭಟ್ಟರು ಶಪಿಸುತ್ತ ಫ್ಲಾಸ್ಕಿನ ಡಿಕಾಕ್ಷನ್ನನ್ನೇ ಸಕ್ಕರೆ ಹಾಕಿ ಕುಡಿದರು. ಹನ್ನೊಂದೂವರೆ. ಹನ್ನೆರಡು. ವಾಸನೆ ಬರಲಿಲ್ಲ.

ಆಸಾಮಿ ಇದ್ದಾನೆ, ವಾಸನೆ ಇಲ್ಲ.

ಅಂಜನಮ್ಮ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಅಲ್ಲೇ ಕುಕ್ಕರಿಸಿದಳು. ಮಂಡಿ ಚುರ್ ಎಂದದ್ದೂ ಲಕ್ಷ್ಯಕ್ಕೆ ಬರಲಿಲ್ಲ. ಇವತ್ತು ಇಲ್ಲದ್ದು ಏನು? ಹಾಲು ಇಲ್ಲ. ಹಾಲು ಇಲ್ಲದ್ದಕ್ಕೆ ಒಲೆ ಹಚ್ಚಲಿಲ್ಲ. ಅವಳ ಕಣ್ಣು ಒಲೆಯ ಮೇಲೆ ಹೋಯಿತು, ಒಲೆಯಿಂದ ಅದರ ಕಪ್ಪು ವೈರಿನ ಮೇಲೆ. ವೈರು ಮೇಜಿನ ಕಾಲಿನ ಪಕ್ಕ ಇಳಿದು, ಪ್ಲೈವುಡ್ಡಿಗೆ ಕೊರೆದ ಎರಡು ಬೆರಳಗಲದ ತೂತಿನೊಳಗೆ ಹೋಗಿ ಮಾಯವಾಗಿತ್ತು. ಕಚೇರಿಯ ಹಳೇ ವೈರಿಂಗಿಗೆ ಆ ಒಲೆ ಹಚ್ಚಿದರೆ ಫ್ಯೂಸು ಹಾರುತ್ತಿತ್ತು. ಕಂಪ್ಯೂಟರ್ ಕೊಠಡಿಗೆ ಮಾತ್ರ ಹೊಸ ಲೈನು. ಜನವರಿಯಲ್ಲಿ ಭಟ್ಟರೇ ತೂತು ಕೊರೆಸಿ ಒಳಗಿನ ಸಾಕೆಟ್ಟಿಗೆ ವೈರು ಎಳೆಸಿದ್ದರು.

ಅವಳು ತೂತಿಗೆ ಮೂಗು ಹಚ್ಚಿದಳು. ಏನೂ ಇಲ್ಲ, ಹೊಸ ಹಲಗೆಯ ಅಂಟಿನ ವಾಸನೆಯಷ್ಟೇ.

“ಈಗ ಅಲ್ಲಿ ಎಂಥ ಮೂಸ್ತಿ?” ಎಂದರು ಭಟ್ಟರು ಒಳಗಿನಿಂದ.

“ನೀವು ಹೇಳಿದ ಬಂಗುಡೆ ಹುಡುಕ್ತಾ ಇದ್ದೇನೆ ಭಟ್ರೆ. ಇವತ್ತು ಅದಕ್ಕೂ ರಜೆ.”

ಸಂಜೆ ಕೊಠಡಿ ಗುಡಿಸುವ ಹೊತ್ತಿಗೆ ಅವಳು ಕಾತ್ಯಾಯಿನಿಯವರಿಗೆ ಎಲ್ಲವನ್ನೂ ಹೇಳಿದಳು. ಗೆರೆ, ಸೊನ್ನೆ, ಹಾಲು, ತೂತು. ಭಟ್ಟರ ಮೇಲೆ ತಾನು ಪಟ್ಟ ಅನುಮಾನವನ್ನು ಮಾತ್ರ ಹೇಳಲಿಲ್ಲ. ಕಾತ್ಯಾಯಿನಿಯವರು ಬಿಎಸ್ಸಿ ಓದಿದವರು, ಕೇಳಿಸಿಕೊಂಡರು. ಇಬ್ಬರೂ ಕಪಾಟಿನ ಹಿಂದೆ ಬಗ್ಗಿ ನೋಡಿದರು. ಗೋಡೆಯ ಬುಡದಲ್ಲಿ ಒಂದು ಸಾಕೆಟ್ಟು, ಅದಕ್ಕೊಂದು ಬಿಳಿ ಮಲ್ಟಿಪ್ಲಗ್ಗು, ಅದರಲ್ಲಿ ಒಂದು ಕಡೆ ಯುಪಿಎಸ್ಸು, ಇನ್ನೊಂದು ಕಡೆ ಒಲೆ. ಜಾಗ ಇಕ್ಕಟ್ಟು, ಬೆಳಕು ಸಾಲದು. ಮುಟ್ಟಿದರೆ ತಣ್ಣಗಿತ್ತು.

ಕಾತ್ಯಾಯಿನಿಯವರು ಯುಪಿಎಸ್ಸು ಕೂಡಿಸಿದ್ದ ಮೂಡಿಗೆರೆಯ ರುದ್ರೇಶನಿಗೆ ಫೋನು ಹಚ್ಚಿದರು. ಮಾತು ಆಚೆಗೂ ಕೇಳುತ್ತಿತ್ತು.

“ಮೀನಿನ ವಾಸನೆಯಾ? ಪ್ಲೈವುಡ್ಡಿನ ಸಂದೀಲಿ ಇಲಿ ಸತ್ತಿರ್ತದೆ ಮೇಡಂ. ಗೋದಾಮು ಅಂದ್ಮೇಲೆ ಇಲ್ದೆ ಇರ್ತದಾ? ಬುಧವಾರ ಆ ಕಡೆ ಬರ್ತೇನೆ, ನೋಡುವ.”

“ಸತ್ತ ಇಲಿ ಹನ್ನೊಂದಕ್ಕೆ ಎದ್ದು ಹನ್ನೆರಡಕ್ಕೆ ಮಲಗ್ತದಾ ಮೇಡಂ?” ಎಂದಳು ಅಂಜನಮ್ಮ ಫೋನು ಇಟ್ಟ ಮೇಲೆ.

ಕಾತ್ಯಾಯಿನಿಯವರಿಗೆ ನಗು ಬಂತು, ಆದರೆ ನಗಲಿಲ್ಲ. “ನೀವು ಹೇಳೋದು ಸರಿ ಇರಬಹುದು. ಆದ್ರೆ ವಾಸನೆ ಮೀನಿಂದೇ ಅಲ್ವಾ? ನನಗೂ ಹಾಗೇ ಬಂದಿದೆ.”

“ನೀವು ಮೀನನ್ನ ಹತ್ತಿರದಿಂದ ಮೂಸಿದ್ದೀರಾ?”

“ಇಲ್ಲಪ್ಪ.”

“ಮತ್ತೆ ಹೇಗೆ ಗೊತ್ತಾಯ್ತು?”

ಅಂಜನಮ್ಮನೇ ಮುಂದುವರಿಸಿದಳು. “ನಾನು ದಿನಾ ತಿನ್ನೋಳು ಮೇಡಂ. ಒಣಮೀನು ಇಟ್ಟರೆ ಇಡೀ ದಿನ ನಾರ್ತದೆ, ಮರುದಿನವೂ ನಾರ್ತದೆ. ನೊಣ ಬರ್ತದೆ. ಇರುವೆ ಬರ್ತದೆ. ಗೋದಾಮಿನ ಬೆಕ್ಕು ಈ ಬಾಗಿಲು ಬಿಟ್ಟು ಕದಲೋದಿಲ್ಲ. ಈ ಒಂದೂವರೆ ತಿಂಗಳಲ್ಲಿ ಆ ಬೆಕ್ಕು ಈ ಕಡೆ ತಲೆ ಎತ್ತಿಯಾದ್ರೂ ನೋಡಿದೆಯಾ? ಇದಕ್ಕೆ ಮೀನಿನ ಹಾಗೆ ಮೊದಲೊಂದು ಎಳೆ ಉಂಟು, ಹಿಂದೆ ಕಹಿ ಉಂಟು. ಮೂಗಿನ ಮೇಲೆ ಸುಡ್ತದೆ. ಇದು ಮೀನಲ್ಲ. ಎಂಥದು ಅಂತ ನನಗೆ ಗೊತ್ತಿಲ್ಲ. ಡಿಸೆಂಬರ್‌ನಲ್ಲಿ ಆ ಮಿಷನ್ ಮೇಲೆ ಬುತ್ತಿ ಇಟ್ಟಿದ್ದು ನಾನೇ, ಅದು ನನ್ನ ತಪ್ಪು. ಇದು ನಂದಲ್ಲ.”

“ಮಂಡಳಿಯವರು ಬೆಕ್ಕಿನ ಸಾಕ್ಷಿ ಕೇಳ್ತಾರಾ ಅಂಜನಮ್ಮ?” ಎಂದರು ಕಾತ್ಯಾಯಿನಿಯವರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಚಿಂತೆಯಿತ್ತು. ಆದರೂ ಬೀಗ ಹಾಕಿ ಎರಡು ಸಲ ಎಳೆದು ನೋಡಿಯೇ ಹೋದರು.

ಭಾನುವಾರ ಅಂಜನಮ್ಮ ಒಂದು ತೀರ್ಮಾನಕ್ಕೆ ಬಂದಳು. ಕೇಳಿದರೆ ಯಾರೂ ಒಳ್ಳೆಯದೆನ್ನುತ್ತಿರಲಿಲ್ಲ, ಧನ್ಯಶ್ರೀ ಅಂತೂ “ನಿಂಗೆ ತಲೆ ಕೆಟ್ಟಿದೆಯಾ ಅಮ್ಮ?” ಎಂದೇ ಕೇಳಿದಳು. ಅಟ್ಟದ ಮೇಲಿನ ಡಬ್ಬಿಯಿಂದ ಎರಡು ಒಣ ಬೂತಾಯಿ ಮೀನು ತೆಗೆದು ಬಾಳೆ ಎಲೆಯಲ್ಲಿ ಸುತ್ತಿ ಕಾಫಿ ಪುಡಿಯ ಹಳೇ ಟಿನ್ನಿಗೆ ಹಾಕಿದಳು. ಸೋಮವಾರ ಏಳನೇ ದಿನ. ಸಮಜಾಯಿಷಿ ಕೊಡಬೇಕಾದ ದಿನ ಅದೇ.

ಸೋಮವಾರ ಮೆಣಸಿನ ತೂಕವಿತ್ತು. ಅಧ್ಯಕ್ಷ ಪರಮೇಶ್ವರಪ್ಪನವರು ಒಂಬತ್ತಕ್ಕೇ ಬಂದು ಗೋದಾಮಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಅಂಜನಮ್ಮ ಟಿನ್ನನ್ನು ಗೇಟಿನ ಬಳಿ, ಮರಳು ರಾಶಿಯ ಹಿಂದೆ ಇಟ್ಟಳು. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಕಾತ್ಯಾಯಿನಿಯವರನ್ನು ಕರೆಯಬೇಕು, ಎರಡನ್ನೂ ಮೂಸಿಸಬೇಕು ಎಂಬುದು ಅವಳ ಯೋಜನೆ. ಆದರೆ ಅವಳು ಬಗ್ಗಿ ಟಿನ್ ಎತ್ತುವುದಕ್ಕೂ ಭಟ್ಟರು ಹಾಲಿನ ವ್ಯಾನಿನಿಂದ ಪ್ಯಾಕೆಟ್ ಹಿಡಿದು ತಿರುಗುವುದಕ್ಕೂ ಸರಿಹೋಯಿತು. ಗಾಳಿಯೂ ಅವರ ಕಡೆಗೇ ಬೀಸುತ್ತಿತ್ತು.

“ಅಧ್ಯಕ್ಷರೇ!” ಭಟ್ಟರ ಕೂಗಿಗೆ ತೂಕದವರು ಕೈ ನಿಲ್ಲಿಸಿದರು. “ಬನ್ನಿ ಇಲ್ಲಿ, ನಿಮ್ಮ ಕಣ್ಣಲ್ಲೇ ನೋಡಿ. ಕೈಯಲ್ಲೇ ಉಂಟು!”

ಪರಮೇಶ್ವರಪ್ಪನವರು ಬಂದರು, ಟಿನ್ನಿನೊಳಗೆ ಇಣುಕಿದರು, ಹಿಂದೆ ಸರಿದರು. “ಎಂಥ ಮಾರಾಯ್ತಿ ಇದು? ಸಂಘದಲ್ಲಿ ಮೀನು ಮಾರೋ ಲೈಸೆನ್ಸು ಯಾವಾಗ ತಗೊಂಡೆ?”

ತೂಕದವರು ನಕ್ಕರು. ಅಂಜನಮ್ಮನ ಕಿವಿ ಬಿಸಿಯಾಯಿತು, ಆದರೆ ಟಿನ್ನು ಬಿಡಲಿಲ್ಲ.

“ತಂದದ್ದು ಹೌದು ಅಣ್ಣೋರೆ. ಒಂಬತ್ತು ವರ್ಷದಲ್ಲಿ ಇವತ್ತೇ ಮೊದಲು. ಸಮಜಾಯಿಷಿ ಕೊಡಿ ಅಂತ ಬರೆದ್ರಲ್ಲ, ಇದೇ ನನ್ನ ಸಮಜಾಯಿಷಿ. ಅರ್ಧ ಗಂಟೆ ಕೊಡಿ. ಆಮೇಲೆ ಹೋಗು ಅಂದ್ರೆ ಹೋಗ್ತೇನೆ.”

“ಇದೆಂಥ ನಾಟಕ?” ಎಂದರು ಭಟ್ಟರು.

“ಅರ್ಧ ಗಂಟೆ ತಾನೆ, ಇರಲಿ” ಎಂದವರು ಕಾತ್ಯಾಯಿನಿ. ಅವರು ಯಾವಾಗ ಬಂದು ಹಿಂದೆ ನಿಂತಿದ್ದರೋ ಯಾರಿಗೂ ಗೊತ್ತಿರಲಿಲ್ಲ. “ಭಟ್ರೆ, ನೀವು ದಿನದ ಹಾಗೇ ಹಾಲು ಕಾಯಿಸಿ.”

ಅಂಜನಮ್ಮ ಟಿನ್ನನ್ನು ತೆರೆದು ಗೋದಾಮಿನ ಮೆಟ್ಟಿಲ ಮೇಲಿಟ್ಟಳು. ಎಲ್ಲಿತ್ತೋ ಬೆಕ್ಕು, ಅರೆ ನಿಮಿಷದಲ್ಲಿ ಬಂತು. ಅವಳು ಟಿನ್ನನ್ನು ಮೇಲೆತ್ತಿದಳು. ಬೆಕ್ಕು ಅವಳ ಸೀರೆಯ ನೆರಿಗೆಗೆ ಸುತ್ತಿ ಕೂಗತೊಡಗಿತು. “ಮೇಡಂ, ಮೂಗು ಮುಚ್ಚಿಕೊಂಡ್ರೆ ಹೇಗೆ ಗೊತ್ತಾಗ್ತದೆ? ಒಂದೇ ಒಂದು ಸಲ.” ಕಾತ್ಯಾಯಿನಿಯವರು ಕಣ್ಣು ಮುಚ್ಚಿ ಒಂದು ಸಲ ಉಸಿರೆಳೆದುಕೊಂಡರು, ಮುಖ ಹಿಂಡಿದರು, ಮತ್ತೆ, ಯಾರೂ ಹೇಳದಿದ್ದರೂ, ಇನ್ನೊಂದು ಸಲ ಎಳೆದುಕೊಂಡರು.

ಓಣಿಯಲ್ಲಿ ಒಲೆ ಬೀಪ್ ಎಂದಿತು. ಎಲ್ಲರೂ ಅಲ್ಲಿಗೆ ಹೋಗಿ ನಿಂತರು. ಹಾಲು ಸದ್ದು ಮಾಡತೊಡಗಿತು. ಐದಾರು ನಿಮಿಷಕ್ಕೆ ಪ್ಲೈವುಡ್ಡಿನ ತೂತಿನಿಂದ ಮೆಲ್ಲಗೆ ಅದು ಬಂತು.

“ಇದೋ ಬಂತು! ಇದೇ” ಎಂದರು ಭಟ್ಟರು.

ಕಾತ್ಯಾಯಿನಿಯವರು ತಲೆ ಅಲ್ಲಾಡಿಸಿದರು. “ಅಲ್ಲ ಭಟ್ರೆ. ಇದು ಅದಲ್ಲ. ಅದು ಬೇರೆ, ಇದು ಬೇರೆ.”

ಬೆಕ್ಕು ಓಣಿಯ ಬಾಗಿಲವರೆಗೆ ಬಂದಿತ್ತು. ಅದು ತೂತಿನ ಕಡೆ ನೋಡಲೇ ಇಲ್ಲ, ಟಿನ್ನನ್ನೇ ನೋಡುತ್ತಿತ್ತು. ಪರಮೇಶ್ವರಪ್ಪನವರು ಬೆಕ್ಕನ್ನೂ ತೂತನ್ನೂ ಟಿನ್ನನ್ನೂ ಸರದಿಯ ಮೇಲೆ ನೋಡಿದರು. ಅಷ್ಟರಲ್ಲಿ ವಾಸನೆ ಬದಲಾಯಿತು. ಮೀನಿನ ಎಳೆ ಹೋಗಿ ಬರಿಯ ಕಹಿ ಉಳಿಯಿತು. ತೂತಿನ ಅಂಚಿನಲ್ಲಿ ದಾರದಷ್ಟು ತೆಳ್ಳಗೆ ಹೊಗೆ.

“ಕೀಲಿ, ಮೇಡಂ!” ಎಂದು ಅಂಜನಮ್ಮ ಕೂಗಿದಳು.

ಬಾಗಿಲು ತೆರೆದಾಗ ಕಪಾಟಿನ ಹಿಂದಿನ ಗೋಡೆಯ ಬುಡದಲ್ಲಿ ಕೆಂಪಗೆ ಮಿನುಗುತ್ತಿತ್ತು. ಬಿಳಿ ಪ್ಲಗ್ಗು ಈಗ ಬಿಳಿಯಾಗಿರಲಿಲ್ಲ. ಬೆಲ್ಲದ ಪಾಕದಂತೆ ಜೋತುಬಿದ್ದಿತ್ತು. ನೋಡುತ್ತಿದ್ದಂತೆ ಅದರಿಂದ ಸಣ್ಣ ಜ್ವಾಲೆಯೆದ್ದು ಪ್ಲೈವುಡ್ಡಿನ ಅಂಚನ್ನು ನೆಕ್ಕಿತು. ಆ ಪ್ಲೈವುಡ್ಡಿನ ಆಚೆ ಗೋಣಿಚೀಲ, ಮೆಣಸು.

ಪರಮೇಶ್ವರಪ್ಪನವರು ಬಾಗಿಲಿಗೆ ಒತ್ತಾಗಿ ನಿಲ್ಲಿಸಿದ್ದ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಎತ್ತಿ ಹಿಡಿಕೆ ಅದುಮಿದರು. ಅದು ಒಂದು ಸಲ ಉಸ್ ಎಂದು ಸುಮ್ಮನಾಯಿತು. ಎಷ್ಟು ವರ್ಷದ ಹಿಂದೆ ತುಂಬಿಸಿದ್ದೋ. ಭಟ್ಟರು ಕುಡಿಯುವ ನೀರಿನ ಕ್ಯಾನನ್ನೇ ಎರಡೂ ಕೈಯಲ್ಲಿ ಎತ್ತಿಕೊಂಡು ನುಗ್ಗಿದರು.

“ನೀರು ಬೇಡ ಭಟ್ರೆ!” ಅಂಜನಮ್ಮ ಅವರ ತೋಳು ಹಿಡಿದಳು. ಒಂಬತ್ತು ವರ್ಷದಲ್ಲಿ ಅವಳು ಅವರನ್ನು ಮುಟ್ಟಿರಲಿಲ್ಲ. “ಕರೆಂಟು ಉಂಟು, ಸತ್ತು ಹೋಗ್ತೀರಿ! ಮೊದಲು ಮೇನ್!”

ಏಪ್ರಿಲಿನಲ್ಲಿ ಗುಡುಗು ಕೇಳಿದ ಕೂಡಲೇ ಮೇನ್ ಸ್ವಿಚ್ಚು ಇಳಿಸುವುದು ಅವಳದೇ ಕೆಲಸ. ಆ ಪೆಟ್ಟಿಗೆ ಎಲ್ಲಿದೆ, ಅದರ ಹಿಡಿ ಎಷ್ಟು ಬಿಗಿ ಎಂಬುದು ಕತ್ತಲೆಯಲ್ಲೂ ಅವಳ ಕೈಗೆ ಗೊತ್ತು. ಕುಂಟುತ್ತ ಓಡಿ ಹಿಡಿಯನ್ನು ಎರಡು ಕೈಯಿಂದ ಎಳೆದಳು. ಕಚೇರಿಯ ಫ್ಯಾನು ನಿಂತಿತು. ಕೊಠಡಿಯೊಳಗೆ ಯುಪಿಎಸ್ಸು ಮಾತ್ರ ಕಿಂಯ್ ಕಿಂಯ್ ಎನ್ನುತ್ತಿತ್ತು. ಮೇನ್ ಇಳಿಸಿದರೂ ಅದು ಬ್ಯಾಟರಿಯಿಂದ ಕರೆಂಟು ಕೊಡುತ್ತಲೇ ಇರುತ್ತದೆ. ಅದು ಗೊತ್ತಿದ್ದ ಕಾತ್ಯಾಯಿನಿಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋಗಿ ಅದರ ಬಟನ್ನನ್ನು ಸದ್ದು ನಿಲ್ಲುವವರೆಗೆ ಒತ್ತಿ ಹಿಡಿದರು. ಅಷ್ಟು ಹೊತ್ತಿಗೆ ಅಂಜನಮ್ಮ ಬುಟ್ಟಿಯಲ್ಲಿ ಮರಳು ತಂದಿದ್ದಳು. ಎರಡನೇ ಬುಟ್ಟಿ ತೂಕದವರು ತಂದರು. ಮೂರನೆಯದು ಬೇಕಾಗಲಿಲ್ಲ.

ಎಲ್ಲವೂ ಸೇರಿ ನಾಲ್ಕು ನಿಮಿಷ ಆಗಿರಬಹುದು. ಪ್ಲೈವುಡ್ಡಿನಲ್ಲಿ ಅಂಗೈ ಅಗಲದ ಕಪ್ಪು ಕಲೆ. ಆಚೆ ಬದಿಯಲ್ಲಿ ಅದಕ್ಕೆ ತಾಗಿಕೊಂಡಿದ್ದ ಗೋಣಿಚೀಲ ಮುಟ್ಟಿದರೆ ಬೆಚ್ಚಗಿತ್ತು. ಪರಮೇಶ್ವರಪ್ಪನವರು ಆ ಚೀಲದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು.

ರುದ್ರೇಶ ಬುಧವಾರದವರೆಗೆ ಕಾಯದೆ ಅಂದೇ ಮಧ್ಯಾಹ್ನ ಬಂದ. ಕರಗಿದ ಪ್ಲಗ್ಗನ್ನು ಸ್ಕ್ರೂಡ್ರೈವರಿನಿಂದ ಕೆದಕಿ ತೆಗೆದು ಮೇಜಿನ ಮೇಲಿಟ್ಟ. “ಇದು ಆರು ಆಂಪಿಯರಿನ ಮಾಲು. ಒಲೆ ಒಂದೇ ಎಂಟು ಎಳೀತದೆ, ಯುಪಿಎಸ್ಸು ಮೂರು. ಹನ್ನೊಂದಾಯ್ತಲ್ಲ! ಒಳಗೆ ಪಿನ್ನು ಸಡಿಲ ಬೇರೆ. ಸಡಿಲ ಇದ್ದಲ್ಲಿ ಕಾಯ್ತದೆ, ಕಾದಲ್ಲಿ ಇನ್ನೂ ಸಡಿಲ ಆಗ್ತದೆ. ಸಾಕೆಟ್ಟಿನ ಈ ಗಟ್ಟಿ ಪ್ಲಾಸ್ಟಿಕ್ ಕಾದ್ರೆ ಮೀನಿನಂಥದೇ ವಾಸನೆ ಬಿಡ್ತದೆ ಮೇಡಂ. ನಮ್ಮ ಕಸುಬಿನಲ್ಲಿ ಮೀನಿನ ವಾಸನೆ ಅಂದ್ರೆ ಮೊದಲು ಸಾಕೆಟ್ಟು ಮುಟ್ಟಿ ನೋಡ್ಬೇಕು.” ಸ್ವಲ್ಪ ತಡೆದು, “ಶನಿವಾರ ನಾನೇ ಇಲಿ ಅಂದೆ. ಮೆಣಸು ಹರವೋ ಗಡಿಬಿಡೀಲಿ ಮಾತಾಡ್ತಿದ್ದೆ, ಯೋಚಿಸಲಿಲ್ಲ” ಎಂದ.

ಹೊಸ ಸಾಕೆಟ್ಟು, ಅದಕ್ಕೆ ಯುಪಿಎಸ್ಸು ಒಂದೇ. ತೂತಿಗೆ ಸಿಮೆಂಟು ಹಲಗೆ. ಒಲೆಗೆ ಕಚೇರಿಯಲ್ಲಿ ಬೇರೆ ಲೈನು ಬರುವವರೆಗೆ ಹಾಲು ಕಾಯಿಸುವುದಿಲ್ಲ. ರುದ್ರೇಶ ಹೇಳುತ್ತ ಹೋದ, ಕಾತ್ಯಾಯಿನಿಯವರು ಬರೆದುಕೊಂಡರು. ಭಟ್ಟರು ಆ ಕರಗಿದ ಪ್ಲಗ್ಗನ್ನು ಕೈಯಲ್ಲಿ ತಿರುಗಿಸುತ್ತ, “ತೂತು ಕೊರೆಸಿದ್ದು ನಾನೇ” ಎಂದರು, ಯಾರಿಗೆ ಎಂದಿಲ್ಲದೆ.

ಅಂಜನಮ್ಮನಿಗೂ ಹೇಳುವುದಿತ್ತು. ನಾನು ನಿಮ್ಮನ್ನು ಕಳ್ಳ ಅಂದುಕೊಂಡಿದ್ದೆ ಎಂಬ ಮಾತು ಗಂಟಲವರೆಗೆ ಬಂತು. ಆದರೆ ಅವರ ಅನುಮಾನ ಮೊಹರು ಹಾಕಿಸಿಕೊಂಡು ಅವಳ ಫೈಲಿನಲ್ಲಿ ಕೂತಿತ್ತು, ಅವಳದು ಬಾಗಿಲ ಹಿಂದಿನ ಸೀಮೆಸುಣ್ಣ. ಎರಡೂ ಒಂದೇ ತೂಕದ್ದಲ್ಲ ಎನಿಸಿತು. ಪೊರಕೆ ತಂದು ಚೆಲ್ಲಿದ ಮರಳು ಗುಡಿಸತೊಡಗಿದಳು. ಭಟ್ಟರ ಆಳಿನ ಮಗಳ ವಿಷಯವೂ ಅವಳ ಮನಸ್ಸಿನಿಂದ ಪೂರ್ತಿ ಹೋಗಿರಲಿಲ್ಲ.

ಸಂಜೆ ಪರಮೇಶ್ವರಪ್ಪನವರು ಹೊರಡುವ ಮೊದಲು ಅವಳನ್ನು ಕರೆದರು. “ಆಯ್ತು ಮಾರಾಯ್ತಿ, ನಲವತ್ತು ಮನೆ ಮೆಣಸು ಉಳಿಸಿದೆ. ಆ ಕಾಗದ ಮರೆತುಬಿಡು. ಮಂಡಳೀಲಿ ನಾನು ಹೇಳ್ತೇನೆ.”

“ನೀವು ಹೇಳ್ತೀರಿ ಅಣ್ಣೋರೆ. ಆದ್ರೆ ಮುಂದಿನ ವರ್ಷ ನೀವೇ ಅಧ್ಯಕ್ಷರಾಗಿರ್ತೀರಾ? ಮೇಡಂಗೆ ವರ್ಗ ಆಗಬಹುದು. ಫೈಲು ಇಲ್ಲೇ ಇರ್ತದೆ. ಬರೆದದ್ದನ್ನ ಬರೆದೇ ತೆಗೀಬೇಕು.”

ಪರಮೇಶ್ವರಪ್ಪನವರು ಕಾತ್ಯಾಯಿನಿಯವರ ಮುಖ ನೋಡಿದರು. ಮೇನ್ ಇನ್ನೂ ಇಳಿಸಿಯೇ ಇತ್ತು, ಕಂಪ್ಯೂಟರ್ ಇಲ್ಲ. ಕಾತ್ಯಾಯಿನಿಯವರು ಸಂಘದ ಹೆಸರಿನ ಕಾಗದ ತೆಗೆದು ಕೈಯಲ್ಲೇ ಬರೆದರು. ಬರೆದು ಅಂಜನಮ್ಮನಿಗೆ ಕೊಟ್ಟರು. ಅವಳು ಕಿಟಕಿಯ ಬಳಿ ಹೋಗಿ ಓದಿದಳು. ‘ಸದರಿಯವರ ದೀರ್ಘ ಸೇವೆಯನ್ನು ಪರಿಗಣಿಸಿ, ಮಾನವೀಯತೆಯ ದೃಷ್ಟಿಯಿಂದ ನೋಟೀಸನ್ನು ಹಿಂಪಡೆಯಲಾಗಿದೆ.’

ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು.

“ಎಂಥಾಯ್ತು?” ಎಂದರು ಅಧ್ಯಕ್ಷರು.

“ಮಾನವೀಯತೆ ಬೇಡ ಅಣ್ಣೋರೆ. ಅದನ್ನ ತಪ್ಪು ಮಾಡಿದವರಿಗೆ ಕೊಡ್ತಾರೆ. ವಾಸನೆ ಪ್ಲಗ್ಗಿಂದು, ತಪ್ಪು ನಂದಲ್ಲ ಅಂತ ಬರೀರಿ.”

ಪರಮೇಶ್ವರಪ್ಪನವರು ಗಡಿಯಾರ ನೋಡಿದರು. ಆಗ ಮೂಲೆಯ ಕುರ್ಚಿಯಲ್ಲಿದ್ದ ಭಟ್ಟರು ಕೆಮ್ಮಿ, “ಅವರು ಹೇಳೋದು ಸರಿ ಉಂಟು ಮೇಡಂ. ದೂರು ಕೊಟ್ಟದ್ದು ನಾನು. ದೂರು ನಿರಾಧಾರ ಅಂತಲೂ ಸೇರಿಸಿ, ಕೆಳಗೆ ನಾನೂ ಸಹಿ ಹಾಕ್ತೇನೆ” ಎಂದರು.

ಕಾತ್ಯಾಯಿನಿಯವರು ಮೊದಲ ಕಾಗದವನ್ನು ಎರಡಾಗಿ ಹರಿದು ಇನ್ನೊಂದು ಹಾಳೆ ತೆಗೆದರು. ಅಂಜನಮ್ಮ ಅವರ ಕುರ್ಚಿಯ ಪಕ್ಕದಲ್ಲೇ ನಿಂತು, ಪೆನ್ನು ಹೋದ ಹಾಗೆ ಒಂದೊಂದೇ ಶಬ್ದವನ್ನು ತುಟಿ ಅಲುಗಿಸಿ ಓದುತ್ತಿದ್ದಳು. ಕೊನೆಯ ಸಾಲು ಮುಗಿದು, ಎರಡು ಸಹಿ ಬಿದ್ದು, ಕಾತ್ಯಾಯಿನಿಯವರು ಮೊಹರು ಒತ್ತುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.